ನಿದ್ದೆಯ ಪಾಳಿ

ನನ್ನ ಮೇಜು ಕಿಟಕಿಗೆ ಒತ್ತಿಕೊಂಡೇ ಇದೆ. ಬೆಳಕು ಬೇಕು ಅಂತ ಎಲ್ಲರಿಗೂ ಹೇಳುತ್ತೇನೆ, ನಿಜವಾದ ಕಾರಣ ಕುತೂಹಲ. ಇಪ್ಪತ್ತೆರಡು ವರ್ಷಗಳಿಂದ ವಾರಪತ್ರಿಕೆಗಳಿಗೂ ಮಕ್ಕಳ ಪುಸ್ತಕಗಳಿಗೂ ಚಿತ್ರ ಬರೆದು ಬದುಕುತ್ತಿರುವವಳು ನಾನು. ಈ ಕಸುಬಿನಲ್ಲಿ ಅರ್ಧ ಕೈಚಳಕ, ಇನ್ನರ್ಧ ಕಂಡವರ ಮನೆಯೊಳಗೆ ಇಣುಕುವ ಚಟ. ನಮ್ಮತ್ತೆ ಇದನ್ನೇ ಇನ್ನೂ ನೇರವಾಗಿ ಹೇಳುತ್ತಾರೆ.

"ಬೇರೆ ಹೆಂಗಸರು ಇಣುಕಿ ನೋಡಿದ್ದನ್ನ ಬಾಯಲ್ಲಿ ಹೇಳ್ತಾರೆ, ನೀನು ಕಾಗದದ ಮೇಲೆ ಹೇಳ್ತೀಯ. ಅಷ್ಟೇ ವ್ಯತ್ಯಾಸ."

ನನ್ನ ಗಂಡ ದೂರದ ಊರುಗಳಿಗೆ ಬಸ್ಸು ಓಡಿಸುವವರು. ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನ ಮನೆಯಲ್ಲಿ ಇರುವುದು ಅತ್ತೆ, ನಾನು, ಮತ್ತು ನಮ್ಮಿಬ್ಬರ ವಾದ.

ಕಿಟಕಿಯಾಚೆ ಕಿರಿದಾದ ಓಣಿ. ಓಣಿಯಾಚೆ, ನಮ್ಮ ಮಹಡಿಗೆ ಸರಿಸಮನಾಗಿ, ಒಂದು ಹೊಲಿಗೆ ಕೋಣೆ. ಕಾಲಲ್ಲಿ ತುಳಿಯುವ ಐದು ಮಿಷನ್ನು, ಐದು ಜನ ಹೆಂಗಸರು, ಗೋಡೆಗೆ ಒರಗಿಸಿದ ಉದ್ದನೆಯ ಕತ್ತರಿ ಮೇಜು. ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾರೆ. ಅವರ ಕಿಟಕಿಯ ಒಂದು ಗಾಜು ಯಾವಾಗಲೋ ಒಡೆದಿದ್ದು, ಆ ಜಾಗಕ್ಕೆ ಬಿಸ್ಕತ್ ಡಬ್ಬಿಯ ಮುಚ್ಚಳವನ್ನು ಮೊಳೆ ಹೊಡೆದು ಕೂರಿಸಿದ್ದಾರೆ. ಮುಚ್ಚಳದ ಮೇಲೆ ಒಂದು ಬಾತುಕೋಳಿಯ ಚಿತ್ರ ಇದೆ, ತಲೆಕೆಳಗಾಗಿ.

ಆ ಹೆಂಗಸರ ಹೆಸರು ನನಗೆ ತಿಳಿಯದು. ಯಾರ ಕೈಯಲ್ಲಿ ಏನು ತಯಾರಾಗುತ್ತದೋ ಅದೇ ಹೆಸರನ್ನು ನಾನೇ ಇಟ್ಟುಕೊಂಡೆ. ಎಲ್ಲರಿಗಿಂತ ಹಿರಿಯಳು, ಬೆನ್ನು ನೆಟ್ಟಗೆ ಕೂರುವವಳು ಕಾಲರಿನಕ್ಕ. ಆಮೇಲೆ ತೋಳಿನವಳು, ಅಂಚಿನವಳು. ಲಂಗದ ಸೊಂಟಪಟ್ಟಿ ಹೊಲಿಯುವವಳು ಸೊಂಟದವಳು, ಅವಳ ಸೊಂಟ ಎಲ್ಲಿದೆ ಅಂತ ಹುಡುಕಬೇಕು ಅನ್ನುವುದು ಬೇರೆ ಮಾತು. ಕಿಟಕಿಯ ಪಕ್ಕ ಕೂರುವ ಸಣ್ಣ ಹುಡುಗಿ ಜೇಬಿನವಳು. ಕೆಳಗಿನ ಅಂತಸ್ತಿನಲ್ಲಿ ಅವರ ಮೇಲ್ವಿಚಾರಕಿ ಕೂರುತ್ತಾರೆ, ಕೆಲಸ ಶುರು ಮಾಡಲು, ಊಟಕ್ಕೆ ಬಿಡಲು, ಮತ್ತೆ ಕರೆಯಲು ಹಿತ್ತಾಳೆಯ ಕೈಗಂಟೆ ಬಾರಿಸುತ್ತಾರೆ. ಓಣಿಯವರೆಲ್ಲ ಅವರನ್ನು ಗಂಟೆಯಮ್ಮ ಅನ್ನುತ್ತಾರೆ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ ಆ ಕೋಣೆಯಲ್ಲಿ ನಾನು ಒಂದು ವಿಷಯ ಕಂಡೆ. ಊಟದ ನಂತರದ ಗಂಟೆ ಬಾರಿಸಿತ್ತು, ಐವರೂ ಮಿಷನ್ನಿಗೆ ಬಂದು ಕೂತಿದ್ದರು. ಅಷ್ಟರಲ್ಲಿ ತೋಳಿನವಳು ಸದ್ದಿಲ್ಲದೆ ಎದ್ದು ಕತ್ತರಿ ಮೇಜಿನ ಕೆಳಗೆ ತೂರಿಕೊಂಡಳು. ಅಲ್ಲಿ ಚಿಂದಿ ಬಟ್ಟೆಯ ರಾಶಿ. ಅದರ ಮೇಲೆ ಕಾಲು ಮಡಚಿ ಮಲಗಿ, ಮೊಣಕೈಯಿಂದ ಮುಖ ಮುಚ್ಚಿಕೊಂಡು, ಕಣ್ಣು ಮಿಟುಕಿಸುವಷ್ಟರಲ್ಲಿ ನಿದ್ದೆ ಹೋದಳು. ಪಕ್ಕದ ಸೊಂಟದವಳು ತನ್ನ ಸ್ಟೂಲನ್ನು ಎರಡು ಮಿಷನ್ನಿನ ನಡುವೆ ಎಳೆದುಕೊಂಡು ಒಂದು ಕಾಲಿನಲ್ಲಿ ತನ್ನ ಮಿಷನ್ನು, ಇನ್ನೊಂದು ಕಾಲಿನಲ್ಲಿ ತೋಳಿನವಳ ಮಿಷನ್ನು ತುಳಿಯತೊಡಗಿದಳು. ಎರಡನೆಯದರಲ್ಲಿ ಬಟ್ಟೆಯೂ ಇಲ್ಲ, ದಾರವೂ ಇಲ್ಲ. ಬರೀ ಸದ್ದು. ಐದು ಮಿಷನ್ನಿನ ಸದ್ದು ನಾಲ್ಕಕ್ಕೆ ಇಳಿದರೆ ಕೆಳಗೆ ಕೂತ ಗಂಟೆಯಮ್ಮನಿಗೆ ತಿಳಿಯುತ್ತದೆ ಅಂತ ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಇಪ್ಪತ್ತು ನಿಮಿಷಕ್ಕೆ ಕಾಲರಿನಕ್ಕ ಗಜಕಡ್ಡಿಯಿಂದ ಮೇಜಿನ ಕಾಲಿಗೆ ಮೆಲ್ಲಗೆ ತಟ್ಟಿದಳು. ತೋಳಿನವಳು ಎದ್ದು, ಕೂದಲಿಗೆ ಅಂಟಿದ ದಾರ ಕಿತ್ತು, ಏನೂ ಆಗಿಲ್ಲವೆಂಬಂತೆ ತನ್ನ ಜಾಗಕ್ಕೆ ಬಂದಳು.

ಮರುದಿನ ಅಂಚಿನವಳ ಸರದಿ. ಅದರ ಮರುದಿನ ಇನ್ನೊಬ್ಬಳದು. ಯಾರಿಗೆ ಯಾವ ದಿನ ಅನ್ನುವುದಕ್ಕೆ ಪಾಳಿ ಇತ್ತು. ಈ ವರ್ಷದ ಮೊದಲಿನಿಂದ ಮಾತ್ರ ವಾರದ ಆರು ದಿನದಲ್ಲಿ ನಾಲ್ಕು ದಿನ ಜೇಬಿನವಳೇ ಮಲಗುತ್ತಿದ್ದಳು. ಉಳಿದವರು ತಮ್ಮ ಪಾಳಿಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಯಾಕೆ ಅಂತ ನನಗೆ ಗೊತ್ತಿರಲಿಲ್ಲ, ಆದರೆ ನೋಡಿದ ಪ್ರತಿ ಸಲವೂ ಹೊಟ್ಟೆಯೊಳಗೆ ಏನೋ ತಣ್ಣಗಾಗುತ್ತಿತ್ತು. ನನ್ನ ಕಸುಬು ಒಂಟಿ ಕಸುಬು. ಜ್ವರ ಬಂದ ದಿನವೂ ನನ್ನ ಬದಲಿಗೆ ಒಂದು ಗೆರೆ ಎಳೆದುಕೊಟ್ಟವರು ಯಾರೂ ಇಲ್ಲ.

ವಾರಪತ್ರಿಕೆಯವರು ಮಹಿಳಾ ವಿಶೇಷ ಸಂಚಿಕೆಗೆ ಮುಖಪುಟ ಕೇಳಿದಾಗ ನಾನು ಎರಡನೆಯ ಯೋಚನೆ ಮಾಡಲಿಲ್ಲ. ಕೂತು ಅದನ್ನೇ ಬರೆದೆ. ನನ್ನ ಮಟ್ಟಿಗೆ ಇಷ್ಟು ವರ್ಷಗಳಲ್ಲಿ ಅಂಥ ಚಿತ್ರ ಬಂದದ್ದಿಲ್ಲ. ಸೊಂಟದವಳ ಎರಡು ಕಾಲು ಎರಡು ಮಿಷನ್ನಿನ ಮೇಲೆ, ಮೇಜಿನ ಕೆಳಗೆ ಮೊಣಕೈಯಡಿ ಮುಖ ಮುಚ್ಚಿಕೊಂಡ ಹುಡುಗಿ, ಗಜಕಡ್ಡಿ ಹಿಡಿದ ಕಾಲರಿನಕ್ಕ, ಹೊಲಿಯುತ್ತ ಕೂತ ಉಳಿದಿಬ್ಬರು. ಕಿಟಕಿಯಲ್ಲಿ ತಲೆಕೆಳಗಾದ ಬಾತುಕೋಳಿಯನ್ನೂ ಬಿಡಲಿಲ್ಲ. ಬಿಡುವುದಾದರೂ ಹೇಗೆ, ಅಷ್ಟು ಚೆಂದದ ಬಾತುಕೋಳಿ!

ಸಂದರ್ಶನಕ್ಕೆ ಒಬ್ಬ ಹುಡುಗಿ ಬಂದಳು. ನಿಮ್ಮ ಸ್ಫೂರ್ತಿ ಯಾವುದು ಅಂತ ಕೇಳಿದಳು. ಈ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ. ಬಡಗಿಯನ್ನು ಯಾರಾದರೂ ಸ್ಫೂರ್ತಿ ಕೇಳುತ್ತಾರೆಯೇ? ಆದರೂ ಹುಡುಗಿ ಹೊಗಳಿ ಹೊಗಳಿ ನನ್ನನ್ನು ಅಟ್ಟಕ್ಕೇರಿಸಿದ್ದಳು, ನಾಲಿಗೆ ತನ್ನಷ್ಟಕ್ಕೇ ಓಡಿತು.

"ನಾನು ಕಲ್ಪನೆಯಿಂದ ಒಂದು ಗೆರೆನೂ ಎಳೆದವಳಲ್ಲ ಕಣಮ್ಮ. ಕಣ್ಣಿಂದ ಕಂಡದ್ದು ಮಾತ್ರ. ಹೆಂಗಸರ ಒಗ್ಗಟ್ಟು ಅಂತ ಕೇಳ್ತೀಯಲ್ಲ, ಅದು ಭಾಷಣದಲ್ಲಿಲ್ಲ. ಇನ್ನೊಬ್ಬಳ ಮಿಷನ್ ತುಳಿಯೋ ಕಾಲಲ್ಲಿದೆ. ನಾನೇ ನೋಡಿದೀನಿ."

ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದರು. ಸಂಚಿಕೆ ಗುರುವಾರ ಬಂತು. ಶುಕ್ರವಾರ ನನ್ನ ಜೊತೆಯಲ್ಲಿ ಚಿತ್ರ ಕಲಿತು ಈಗ ಪುಸ್ತಕ ಪ್ರಕಟಿಸುತ್ತಿರುವ ಗೆಳತಿ ಫೋನು ಮಾಡಿ, ಈ ಕಿಟಕಿಯಿಂದ ಕಂಡದ್ದನ್ನೆಲ್ಲ ಸೇರಿಸಿ ಒಂದು ಪುಸ್ತಕ ಮಾಡೋಣ ಅಂದಳು. ನಿಜವಾದ ಹೆಂಗಸರು, ನಿಜವಾದ ಕೋಣೆಗಳು. ನನ್ನ ಹೆಸರಿನಲ್ಲಿ, ನನ್ನದೇ ಪುಸ್ತಕ. ಇಪ್ಪತ್ತೆರಡು ವರ್ಷ ಬೇರೆಯವರ ಕತೆಗಳಿಗೆ ಚಿತ್ರ ಬರೆದವಳಿಗೆ ಇದಕ್ಕಿಂತ ಹೆಚ್ಚಿನದು ಬೇಕೇ? ಅವತ್ತು ಅತ್ತೆಯ ಜೊತೆ ವಾದಕ್ಕೂ ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಮೇಜಿಗೆ ಬಂದು ನೋಡಿದರೆ ಎದುರು ಕಿಟಕಿಗೆ ನೀಲಿ ಬಟ್ಟೆ ಹೊಡೆದಿತ್ತು. ಸಮವಸ್ತ್ರದ ಅದೇ ನೀಲಿ, ನಾಲ್ಕು ಮೂಲೆಗೆ ನಾಲ್ಕು ಮೊಳೆ. ಬಿಸಿಲು ಹೆಚ್ಚಿರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಆ ಓಣಿಗೆ ಬಿಸಿಲು ಬೀಳುವುದೇ ಇಲ್ಲ.

ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಗಂಟೆಯಮ್ಮ ನಿಂತಿದ್ದರು, ಕಂಕುಳಲ್ಲಿ ವಾರಪತ್ರಿಕೆ. ನಮ್ಮ ಮನೆಯ ಮೆಟ್ಟಿಲು ಕಡಿದು, ಹತ್ತಿದವರು ಒಂದು ನಿಮಿಷ ಏದುಸಿರು ಬಿಡುತ್ತಾರೆ. ಅವರು ಬಿಡಲಿಲ್ಲ.

"ಚಿತ್ರದಮ್ಮ ಅಂದ್ರೆ ನೀವೇ ತಾನೆ?" ಅಂದರು. "ಒಂದು ಮಾತು ಇತ್ತು."

ಒಳಗೆ ಕರೆದೆ. ಅತ್ತೆ ನೀರು ತಂದುಕೊಟ್ಟು, ಹೋಗದೆ ಅಲ್ಲೇ ಬಾಗಿಲಿಗೆ ಒರಗಿ ನಿಂತರು. ಗಂಟೆಯಮ್ಮ ಪತ್ರಿಕೆಯನ್ನು ಮೇಜಿನ ಮೇಲೆ ಬಿಡಿಸಿ ಬಾತುಕೋಳಿಯ ಮೇಲೆ ಬೆರಳಿಟ್ಟರು.

"ಯಜಮಾನ್ರ ಹೆಂಡತಿ ಈ ಪತ್ರಿಕೆ ತರಿಸ್ತಾರೆ. ಇದನ್ನ ನೋಡಿ ಇದು ನಮ್ಮ ಕಿಟಕಿ ಅಲ್ವಾ ಅಂದ್ರಂತೆ. ನಿನ್ನೆ ಯಜಮಾನ್ರು ಬಂದಿದ್ರು. ಮಲಗಿರೋದು ಯಾರು, ಮುಂದಿನ ಶನಿವಾರದೊಳಗೆ ಹೆಸರು ಹೇಳಬೇಕು, ಇಲ್ಲಾಂದ್ರೆ ಐದೂ ಜನರನ್ನ ಬದಲಾಯಿಸ್ತೀನಿ ಅಂದ್ರು."

ಮುಖ ಮುಚ್ಚಿ ಬರೆದಿದ್ದೀನಲ್ಲ ಅಂತ ಏನೋ ತೊದಲಿದೆ.

"ಮುಖ ಮುಚ್ಚಿದ್ರೆ ಏನಾಯ್ತು? ಉಳಿದ ನಾಲ್ಕು ಮುಖ ಅಚ್ಚು ಇಳಿಸಿದೀರಲ್ಲ. ಐದರಲ್ಲಿ ನಾಲ್ಕು ಕಳೆದ್ರೆ ಉಳಿಯೋದು ಒಂದೇ. ಯಜಮಾನ್ರು ಮೇಲೆ ಹತ್ತಿ ಒಂದು ಸಲ ಎಲ್ಲರ ಮುಖ ನೋಡಿದ್ರೆ ಮುಗೀತು. ಅವರು ಇನ್ನೂ ಹತ್ತಿಲ್ಲ ಅಷ್ಟೆ."

ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅವಳ ಮುಖ ಮುಚ್ಚಿ ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ. ಉಳಿದವರ ಮುಖ ಅಷ್ಟು ಸರಿಯಾಗಿ ಬಂದದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

"ಆ ಹುಡುಗಿಗೆ ಮೂರು ವರ್ಷದ ಮಗು ಇದೆ," ಅಂದರು ಗಂಟೆಯಮ್ಮ. "ಉಬ್ಬಸ. ಮಲಗಿಸಿದ್ರೆ ಉಸಿರು ಕಟ್ಟತ್ತೆ, ಅದಕ್ಕೇ ರಾತ್ರಿಯೆಲ್ಲ ಎದೆಗೆ ಒರಗಿಸ್ಕೊಂಡು ಕೂರ್ತಾಳೆ. ಗಂಡ ಇಲ್ಲ. ಈ ಕೆಲಸ ಹೋದ್ರೆ ಇನ್ನೇನೂ ಇಲ್ಲ."

"ಇದೆಲ್ಲ ನಿಮಗೆ... ಅಂದ್ರೆ, ಅವಳು ಮಲಗೋದು ನಿಮಗೆ ಮೊದಲೇ ಗೊತ್ತಿತ್ತಾ?"

ಗಂಟೆಯಮ್ಮ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು.

"ನಾನು ಹದಿನಾಲ್ಕು ವರ್ಷ ಮಿಷನ್ ತುಳಿದವಳು. ಬಟ್ಟೆ ಹೊಲಿಯೋ ಮಿಷನ್ನಿನ ಸದ್ದೇ ಬೇರೆ, ಬರೀ ಓಡೋದರ ಸದ್ದೇ ಬೇರೆ. ಒಬ್ಬಳೇ ಎರಡು ತುಳಿದ್ರೆ ಎರಡೂ ಒಟ್ಟಿಗೆ ನಿಲ್ತವೆ, ಒಟ್ಟಿಗೆ ಶುರುವಾಗ್ತವೆ. ಕಿವುಡಿಗೂ ಗೊತ್ತಾಗತ್ತೆ. ಮಂಡಿ ನೋವು, ಮೆಟ್ಟಿಲು ಹತ್ತಕ್ಕಾಗಲ್ಲ ಅಂತ ಹೇಳಿಟ್ಟಿದೀನಿ. ಊಟ ಆದ್ಮೇಲೆ ನಾನು ಮೇಲೆ ಹೋಗಲ್ಲ. ಸಂಜೆಗೆ ಕೆಲಸ ಮುಗಿದಿರತ್ತೆ, ಇನ್ನೇನು ಬೇಕು?"

"ನಿಮಗೆ ಗೊತ್ತು ಅಂತ ಅವರಿಗೆ ಗೊತ್ತಾ?"

"ಅಯ್ಯೋ, ಬೇಡವೇ ಬೇಡ! ಕದ್ದ ನಿದ್ದೆ ಇಪ್ಪತ್ತು ನಿಮಿಷಕ್ಕೆ ಮುಗಿಯತ್ತೆ. ಕೊಟ್ಟ ನಿದ್ದೆಗೆ ಮಿತಿ ಎಲ್ಲಿದೆ? ನೀವೂ ಹೇಳಬೇಡಿ."

ಬಾಗಿಲಲ್ಲಿ ನಿಂತ ಅತ್ತೆ ಕಿಸಕ್ಕೆಂದು ನಕ್ಕರು. ನನಗೆ ನಗು ಬರಲಿಲ್ಲ. ನಾನು ಕಂಡೆ ಕಂಡೆ ಅಂತ ಊರೆಲ್ಲ ಸಾರಿದ್ದೆ, ಕಂಡದ್ದು ಅರ್ಧ ಮಾತ್ರ. ಐದು ಜನ ಸೇರಿ ಕಾಪಾಡಿದ ಗುಟ್ಟನ್ನು ಕೆಳಗೆ ಕೂತ ಆರನೆಯವಳೂ ಕಾಪಾಡುತ್ತಿದ್ದಳು, ಆ ಐವರಿಗೂ ತಿಳಿಯದ ಹಾಗೆ. ಏಳನೆಯವಳಾದ ನಾನು ಅದನ್ನು ಅಂಗಡಿ ಅಂಗಡಿಗೆ ತೂಗುಹಾಕಿಸಿದ್ದೆ.

ಯಾರಾದರೂ ನನ್ನ ತಪ್ಪು ತೋರಿಸಿದರೆ ನನಗೆ ಮೊದಲು ಬರುವುದು ಸಿಟ್ಟು. ಆಗಲೂ ಅದೇ ಬಂತು.

"ನಾನೇ ಹೋಗಿ ಯಜಮಾನ್ರ ಹತ್ರ ಮಾತಾಡ್ತೀನಿ," ಅಂದೆ. "ಇಪ್ಪತ್ತು ನಿಮಿಷ ನಿದ್ದೆ ಮಾಡಿದ್ರೆ ಆಕಾಶ ಕಳಚಿ ಬೀಳತ್ತಾ? ಇದು ಅನ್ಯಾಯ ಅಂತ ಪತ್ರಿಕೇಲೇ ಬರೀತೀನಿ. ಅವರೇ ತಲೆ ತಗ್ಗಿಸಬೇಕು, ಹಾಗೆ ಬರೀತೀನಿ."

"ನೀವು ಭಾಷಣ ಮಾಡಿದ್ರೆ ಚಪ್ಪಾಳೆ ನಿಮಗೆ, ಬಾಗಿಲು ನಮಗೆ," ಅಂದರು ಗಂಟೆಯಮ್ಮ. ಅವರ ದನಿಯಲ್ಲಿ ಕೋಪವಿರಲಿಲ್ಲ, ಅದೇ ಕಷ್ಟವಾಯಿತು. "ಯಜಮಾನ್ರು ಕೆಟ್ಟವರಲ್ಲ. ಮೋಸ ಹೋದೆ ಅನ್ನಿಸಿದ್ರೆ ಮಾತ್ರ ತಡಕೊಳ್ಳಲ್ಲ. ನಮಗೆ ನ್ಯಾಯ ಬೇಡ ಚಿತ್ರದಮ್ಮ, ಮೊದಲಿನ ಹಾಗೆ ಇದ್ರೆ ಸಾಕು. ಕೋಣೆ ಮಾತ್ರ ನೋಡಿದ್ದು, ನಿದ್ದೆ ಮಾಡೋ ಹುಡುಗಿ, ಎರಡು ಮಿಷನ್ ತುಳಿಯೋದು, ಎಲ್ಲ ನಾನೇ ಕಟ್ಟಿದ್ದು ಅಂತ ಅದೇ ಪತ್ರಿಕೇಲಿ ಹಾಕಿಸಿ. ಅಚ್ಚಾದ ಮಾತನ್ನ ಅವರು ನಂಬ್ತಾರೆ."

ಅವರು ಹೋದ ಮೇಲೆ ನಾನು ತುಂಬ ಹೊತ್ತು ಆ ನೀಲಿ ಬಟ್ಟೆಯನ್ನೇ ನೋಡುತ್ತ ಕೂತೆ. ಒಪ್ಪಿಕೊಳ್ಳುತ್ತೇನೆ, ಮೊದಲು ಯೋಚಿಸಿದ್ದು ಆ ಮಗುವಿನ ಬಗ್ಗೆ ಅಲ್ಲ. ನನ್ನ ಪುಸ್ತಕದ ಬಗ್ಗೆ. ಕಂಡದ್ದನ್ನು ಮಾತ್ರ ಬರೆಯುವವಳು ಅನ್ನುವ ಒಂದೇ ಬಂಡವಾಳದ ಮೇಲೆ ನಿಂತ ಪುಸ್ತಕ. ನನ್ನಷ್ಟು ಚೆನ್ನಾಗಿ ಬಣ್ಣ ಹಾಕುವವರು ಬೇಕಾದಷ್ಟು ಜನ ಇದ್ದಾರೆ, ನನ್ನ ಹಾಗೆ ನೋಡುವವರು ಇಲ್ಲ ಅನ್ನುವುದು ನಾನು ಸಾಕಿಕೊಂಡು ಬಂದ ಹೆಮ್ಮೆ. ಅದನ್ನು ನಾನೇ ಸುಳ್ಳು ಅನ್ನಬೇಕು, ಅದೂ ಸುಳ್ಳಲ್ಲದಾಗ.

ಅನ್ನ ಬಡಿಸುವಾಗ ಅತ್ತೆ ಅಂದರು, "ಏನು, ಇನ್ನೂ ಬರೆದಿಲ್ವಾ?"

"ಅಷ್ಟು ಸುಲಭ ಅಲ್ಲ ಅತ್ತೆ."

"ಸುಲಭ ಅಂತ ಯಾರು ಅಂದ್ರು? ಮಾಡಿದ್ದುಣ್ಣೋ ಮಹರಾಯ ಅಂತ ನಮ್ಮಮ್ಮ ಅಂತಿದ್ಲು. ನಿನ್ನ ವಿಷಯದಲ್ಲಿ ನೀನು ಮಾಡಿದ್ದನ್ನ ಆ ಹುಡುಗಿ ಉಣ್ತಾ ಇದಾಳೆ. ನಿನ್ನ ಹೆಸರು ನಾಲ್ಕು ದಿನ ಸಣ್ಣದಾದ್ರೆ ಈ ಮನೇಲಿ ಯಾರೂ ಉಪವಾಸ ಬೀಳಲ್ಲ."

ವಾದಕ್ಕೆ ಬಾಯಿ ತೆರೆದೆ. ಒಂದು ತುತ್ತು ಅನ್ನ ತುಂಬಿ ಮುಚ್ಚಿದೆ.

ಸಂಜೆ ಹಾಲಿಗೆಂದು ಇಳಿದಾಗ ಓಣಿಯಲ್ಲಿ ಕಾಲರಿನಕ್ಕ ಎದುರಾದಳು. ಅಷ್ಟು ವರ್ಷ ಕಿಟಕಿಯಿಂದ ನೋಡಿದ ಮುಖವನ್ನು ಮೊದಲ ಸಲ ನೆಲದ ಮೇಲೆ ನೋಡಿದೆ. ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ. ತಪ್ಪಾಯಿತು ಅನ್ನಲು ಹೊರಟೆ, ಅವಳು ತಡೆದಳು.

"ಚಿತ್ರ ಚೆನ್ನಾಗಿದೆ. ನನ್ನ ಮೂಗು ಸರಿಯಾಗಿ ಬಂದಿದೆ." ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. "ಬರೆಯೋ ಮೊದಲು ನಮ್ಮನ್ನ ಒಂದು ಮಾತು ಕೇಳಬೇಕಿತ್ತು. ಓಣಿ ದಾಟಿದ್ರೆ ಹತ್ತು ಹೆಜ್ಜೆ."

ಅಷ್ಟೇ ಹೇಳಿ ಹೋದಳು. ಹತ್ತು ಹೆಜ್ಜೆ ಅನ್ನುವುದು ಸುಳ್ಳು, ಏಳೇ. ಹಾಲು ತೆಗೆದುಕೊಂಡು ಬರುವಾಗ ಎಣಿಸಿದೆ.

ಮನೆಗೆ ಬಂದು ಬರೆದೆ. ನಾಲ್ಕು ಸಾಲಿನ ಕಾಗದಕ್ಕೆ ಒಂದು ಮುಖಪುಟಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. "ಕಳೆದ ಸಂಚಿಕೆಯ ಮುಖಪುಟದಲ್ಲಿ ಕೋಣೆ ಮತ್ತು ಕಿಟಕಿ ಮಾತ್ರ ನಾನು ಕಂಡವು. ಮಲಗಿರುವ ಹುಡುಗಿ, ಅವಳ ಮಿಷನ್ ತುಳಿಯುವ ಹೆಂಗಸು ಇವೆಲ್ಲ ನನ್ನ ಕಲ್ಪನೆ. ಕಂಡದ್ದನ್ನು ಮಾತ್ರ ಬರೆಯುತ್ತೇನೆ ಎಂದು ಸಂದರ್ಶನದಲ್ಲಿ ಹೇಳಿದ್ದು ಜಂಬದ ಮಾತು. ಓದುಗರು ಮನ್ನಿಸಬೇಕು." ಸೋಮವಾರ ನಾನೇ ಪತ್ರಿಕೆಯ ಕಚೇರಿಗೆ ಹೋಗಿ ಕೊಟ್ಟುಬಂದೆ. ಸಂಪಾದಕರು ಓದಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ಓದಿದರು. ಸಂದರ್ಶನ ಮಾಡಿದ ಹುಡುಗಿ ಅಲ್ಲೇ ಪಕ್ಕದ ಮೇಜಿನಲ್ಲಿದ್ದಳು. ಅವಳಿಗೂ ತೋರಿಸಿದರು. ಆಮೇಲೆ ಅವಳು ನನ್ನ ಕಡೆ ನೋಡಲಿಲ್ಲ.

ಕಾಗದ ಗುರುವಾರ ಅಚ್ಚಾಯಿತು. ಒಂಬತ್ತು ಗಂಟೆಗೆಲ್ಲ ಪ್ರಕಾಶಕಿ ಗೆಳತಿಯ ಫೋನು.

"ಏನೇ ಇದು? ತಲೆ ಕೆಟ್ಟಿದೆಯಾ ನಿನಗೆ?"

"ಬರೆದಿದೀನಲ್ಲ, ಅಷ್ಟೇ ಕಣೇ."

"ನಾನು ನಿನ್ನ ಜೊತೆ ಐದು ವರ್ಷ ಒಂದೇ ಬೆಂಚಲ್ಲಿ ಕೂತು ಕಲಿತವಳು. ನಿನಗೆ ಕಲ್ಪನೆ ಮಾಡಕ್ಕೆ ಬರಲ್ಲ. ಕುದುರೆ ಬರಿ ಅಂದ್ರೆ ಕುದುರೆ ಎಲ್ಲಿ ಅಂತ ಹುಡುಕ್ಕೊಂಡು ಹೋಗಿದ್ದವಳು ನೀನು. ನನಗಾದ್ರೂ ನಿಜ ಹೇಳೇ. ಯಾರಿಗೂ ಹೇಳಲ್ಲ."

ಅವಳು ಹೇಳುತ್ತಿರಲಿಲ್ಲ, ಅದು ನನಗೆ ಗೊತ್ತು. ಮಾತು ಬಿಸಿ ತುಪ್ಪದ ಹಾಗೆ ಗಂಟಲಲ್ಲಿ ಸಿಕ್ಕಿಕೊಂಡಿತು, ನುಂಗಲೂ ಆಗದು, ಉಗುಳಲೂ ಆಗದು. ಆದರೆ ಆ ಗುಟ್ಟು ನನ್ನದಾಗಿದ್ದರೆ ತಾನೆ ಹಂಚಿಕೊಳ್ಳುವುದು. ಒಮ್ಮೆ ಕೇಳದೆ ಕೊಟ್ಟದ್ದಾಗಿತ್ತು.

"ಕಲ್ಪನೆನೇ ಕಣೇ," ಅಂದೆ.

ಅವಳು ಮೆಲ್ಲಗೆ, ಹಾಗಿದ್ರೆ ಈ ಪುಸ್ತಕ ಬೇಡ ಬಿಡು, ಇದರಲ್ಲಿ ನಂಬಿಕೆನೇ ಮುಖ್ಯ ಆಗಿತ್ತು ಅಂದಳು. ಬೈದಿದ್ದರೆ ಚೆನ್ನಾಗಿತ್ತು. ಫೋನು ಇಟ್ಟ ಮೇಲೆ ಅತ್ತುಬಿಟ್ಟೆ. ಅತ್ತೆ ಏನೂ ಕೇಳದೆ ನನ್ನ ಕುಂಚಗಳನ್ನೆಲ್ಲ ತೊಳೆದು ಒಣಗಲು ನಿಲ್ಲಿಸಿದರು, ತಲೆಕೆಳಗಾಗಿ. ಹಾಗೆ ನಿಲ್ಲಿಸಿದರೆ ಕೂದಲು ಮುರಿಯುತ್ತದೆ. ಹೇಳಲಿಲ್ಲ.

ಶನಿವಾರ ಮಧ್ಯಾಹ್ನ ಊಟದ ಗಂಟೆಯಾದ ಮೇಲೆ ಗಂಟೆಯಮ್ಮ ಓಣಿಯಲ್ಲಿ ನಿಂತು ನನ್ನನ್ನು ಕೂಗಿದರು. ಯಜಮಾನ್ರು ಬಂದಿದ್ದಾರೆ, ನಿಮ್ಮ ಬಾಯಿಂದಲೇ ಕೇಳಬೇಕಂತೆ, ಬನ್ನಿ. ಏಳು ಹೆಜ್ಜೆ ದಾಟಿದೆ. ಮೆಟ್ಟಿಲು ಹತ್ತುವಾಗ ಗಂಟೆಯಮ್ಮ ಗೋಡೆ ಹಿಡಿದು, ಒಂದೊಂದಕ್ಕೂ ಅಮ್ಮಾ ಅನ್ನುತ್ತ ಹತ್ತಿದರು.

ಆ ಕೋಣೆಯೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಕಿಟಕಿಯಿಂದ ಕಾಣದ ಎಷ್ಟೋ ಸಂಗತಿ ಅಲ್ಲಿದ್ದವು. ಹೊಸ ಬಟ್ಟೆಯ ಗಂಜಿಯ ವಾಸನೆ, ಮಿಷನ್ ಎಣ್ಣೆಯ ಕಮಟು, ಬಾಗಿಲ ಹಿಂದೆ ಐದು ಊಟದ ಡಬ್ಬಿ. ಐವರು ಹೆಂಗಸರೂ ತಮ್ಮ ತಮ್ಮ ಮಿಷನ್ನಿನ ಪಕ್ಕ ನಿಂತಿದ್ದರು. ಜೇಬಿನವಳ ಕಣ್ಣು ಗುಳಿ ಬಿದ್ದಿದ್ದವು. ಆ ವಾರವಿಡೀ ಅವಳು ಮಲಗಿರಲಿಲ್ಲ ಅನ್ನುವುದನ್ನು ಯಾರೂ ಹೇಳಬೇಕಾಗಿರಲಿಲ್ಲ, ನಿಂತಲ್ಲೇ ತೂಗುತ್ತಿದ್ದಳು, ಅಂಚಿನವಳು ಯಾರಿಗೂ ಕಾಣದ ಹಾಗೆ ಅವಳ ಸೊಂಟದ ಹಿಂದೆ ಕೈ ಕೊಟ್ಟು ನಿಂತಿದ್ದಳು.

ಯಜಮಾನ್ರು ಇಸ್ತ್ರಿ ಮುರಿಯದ ಅಂಗಿಯ ಮನುಷ್ಯ. ಕೈಯಲ್ಲಿ ಎರಡೂ ಸಂಚಿಕೆ. ನನಗೆ ಕೈ ಮುಗಿದು ಸ್ಟೂಲು ತೋರಿಸಿದರು. ನಾನು ಕೂರಲಿಲ್ಲ.

"ನಿಮ್ಮ ಕಾಗದ ಓದಿದೆ," ಅಂದರು. "ಆದ್ರೂ ಒಂದು ಅನುಮಾನ. ನಾಲ್ಕು ಜನರ ಮುಖ ಇದ್ದ ಹಾಗೆ ಇದೆಯಲ್ಲ. ಮುಖ ನಿಜ, ಕೋಣೆ ನಿಜ, ನಿದ್ದೆ ಒಂದು ಮಾತ್ರ ಸುಳ್ಳು ಹೇಗೆ?"

ಎಲ್ಲರೂ ನನ್ನ ಕಡೆ ನೋಡಿದರು. ಸುಳ್ಳು ಹೇಳಲು ನನಗೆ ನಿಜವಾಗಿಯೂ ಬಾರದು, ಗೆಳತಿ ಹೇಳಿದ್ದು ಸರಿ.

"ದಿನಾ ಎದುರಿಗೇ ಕಾಣ್ತಾರಲ್ಲ, ಮುಖ ಕದ್ದೆ," ಅಂದೆ. "ಆದ್ರೆ ಐದು ಜನ ಕೂತು ಹೊಲಿಯೋ ಚಿತ್ರ ಯಾರಿಗೆ ಬೇಕು ಸಾರ್? ಮಹಿಳಾ ಸಂಚಿಕೆ, ಒಗ್ಗಟ್ಟು ತೋರಿಸಿ ಅಂದಿದ್ರು. ಎಲ್ಲೂ ಕಾಣ್ಲಿಲ್ಲ, ಕಟ್ಟಿದೆ."

ಯಜಮಾನ್ರ ಮುಖ ಸಡಿಲವಾಯಿತು. ಒಂದು ವಾರದಿಂದ ಹೊತ್ತ ಭಾರ ಇಳಿಸಿದವರ ಹಾಗೆ ನಕ್ಕರು.

"ನಾನೂ ಮನೇಲಿ ಅದನ್ನೇ ಅಂದೆ. ಎರಡು ಜುಟ್ಟು ಸೇರಿದ್ರೂ ಎರಡು ಜಡೆ ಸೇರಲ್ಲ ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಐದು ಜಡೆ ಸೇರಿ ಒಂದು ಗುಟ್ಟು ಕಾಪಾಡೋದು ಅಂದ್ರೆ! ಏನಮ್ಮಾ, ನೀವೇ ಹೇಳಿ."

ಮೊದಲು ಕಾಲರಿನಕ್ಕ ಬಾಯಿ ಬಿಟ್ಟಳು.

"ಒಗ್ಗಟ್ಟಾ? ಇವಳ ಕತ್ತರಿ ನಾನು ಮುಟ್ಟಿದ್ರೆ ಕೇಳಿ ಯಜಮಾನ್ರೇ. ಹಾವು ಮುಂಗುಸಿ ಇದ್ದ ಹಾಗೆ ಇದೀವಿ."

"ಇವಳ ಜೊತೆ ನಾನು ಮಾತು ಬಿಟ್ಟು ಮೂರು ವರ್ಷ ಆಯ್ತು," ಅಂದಳು ತೋಳಿನವಳು.

"ದಾರದ ಉಂಡೆ ಕದೀತಾರೆ ಇವರೆಲ್ಲ," ಅಂದಳು ಸೊಂಟದವಳು, ದನಿ ಏರಿಸಿ.

"ನನ್ನ ಊಟದ ಡಬ್ಬಿ ಪಕ್ಕ ಯಾರ ಡಬ್ಬಿನೂ ಇಡಕ್ಕೆ ಬಿಡಲ್ಲ ನಾನು," ಅಂದಳು ಅಂಚಿನವಳು. ಕೈ ಮಾತ್ರ ಹುಡುಗಿಯ ಬೆನ್ನ ಹಿಂದೆಯೇ ಇತ್ತು.

ಕೊನೆಗೆ ಜೇಬಿನವಳು ತಲೆ ಎತ್ತಿದಳು. "ನಾನೇನಾದ್ರೂ ಮಲಗಿದ್ರೆ ಇವರೇ ಮೊದಲು ಓಡಿ ಬಂದು ನಿಮಗೆ ಹೇಳ್ತಿದ್ರು ಸಾರ್."

"ಜಗಳ ಬಿಡಿಸಿ ಬಿಡಿಸಿ ನನಗೆ ಸಾಕಾಗಿ ಹೋಗಿದೆ," ಅಂತ ಗಂಟೆಯಮ್ಮ ಹಣೆ ಹಣೆ ಬಡಿದುಕೊಂಡರು.

ಯಜಮಾನ್ರು ಅಷ್ಟು ಖುಷಿಯಾದದ್ದನ್ನು ಅವರ ಹೆಂಡತಿಯೂ ಕಂಡಿರಲಿಕ್ಕಿಲ್ಲ. ನನ್ನ ಕಡೆ ತಿರುಗಿ, "ನೋಡಿದ್ರಾ? ಇನ್ನು ಮೇಲೆ ಇಂಥದ್ದೆಲ್ಲ ಬರೀಬೇಡಿ ಅಮ್ಮ, ಜನ ನಂಬಲ್ಲ. ಏನಂತೀರಿ?" ಅಂದರು.

ಅನ್ನುವುದಕ್ಕೆ ಎಷ್ಟೋ ಇತ್ತು. ನನ್ನ ನಾಲಿಗೆಯ ಬಗ್ಗೆ ನಿಮಗೆ ಈಗಾಗಲೇ ಅಂದಾಜು ಇರಬೇಕು. ಆ ಆರು ಮುಖಗಳನ್ನು ಒಂದೊಂದಾಗಿ ನೋಡಿದೆ.

"ಹೌದು ಸಾರ್," ಅಂದೆ. "ಹೆಂಗಸರು ಎಲ್ಲಾದ್ರೂ ಒಂದಾಗ್ತಾರಾ?"

ಅವರು ಸಂಚಿಕೆಗಳನ್ನು ಮಡಚಿ ಕತ್ತರಿ ಮೇಜಿನ ಮೇಲಿಟ್ಟು ಇಳಿದು ಹೋದರು. ಗಂಟೆಯಮ್ಮ ಬೀಳ್ಕೊಡಲು ಹಿಂದೆಯೇ ಇಳಿದರು. ಮೇಲೆ ಆರು ಜನ ಹೆಂಗಸರು ನಿಂತಲ್ಲೇ ನಿಂತಿದ್ದೆವು. ಕಾಲರಿನಕ್ಕ ನೀಲಿ ಬಟ್ಟೆಯ ಅಂಚು ಸರಿಸಿ ಕೆಳಗೆ ನೋಡುತ್ತಿದ್ದಳು. ಕಾರಿನ ಬಾಗಿಲು ಹಾಕಿದ ಸದ್ದು ಬಂತು, ಕಾರು ಓಣಿಯ ತಿರುವು ದಾಟಿತು. ಕೆಳಗೆ ಗಂಟೆ ಬಾರಿಸಿತು.

ಯಾರೂ ನನಗೆ ಧನ್ಯವಾದ ಹೇಳಲಿಲ್ಲ, ಹೇಳುವಂಥದ್ದೇನೂ ನಾನು ಮಾಡಿರಲಿಲ್ಲ. ಎಲ್ಲರೂ ಸ್ಟೂಲಿಗೆ ಕೂತರು. ಜೇಬಿನವಳು ನನ್ನ ಹತ್ತಿರ ಬಂದು ನಿಂತಳು.

"ಸ್ವಲ್ಪ ಸರೀತೀರಾ? ನೀವು ನಿಂತಿರೋದು ನನ್ನ ಜಾಗ."

ಕತ್ತರಿ ಮೇಜಿಗೆ ಅಡ್ಡವಾಗಿ ನಿಂತಿದ್ದೆ. ಸರಿದೆ. ಅವಳು ಮೇಜಿನ ಕೆಳಗೆ ತೂರಿ ಚಿಂದಿಯ ಮೇಲೆ ಬಿದ್ದವಳು ಮುಖ ಮುಚ್ಚಿಕೊಳ್ಳುವುದಕ್ಕೂ ಮೊದಲು ನಿದ್ದೆ ಹೋದಳು. ಅಂಚಿನವಳು ತನ್ನ ಸ್ಟೂಲನ್ನು ಅವಳ ಮಿಷನ್ನಿನ ಕಡೆ ಎಳೆಯಲು ಹೋದಾಗ ಕಾಲರಿನಕ್ಕ ಬೇಡವೆಂದು ಕೈ ಮಾಡಿ, ಗಜಕಡ್ಡಿಯಿಂದ ನನಗೆ ಆ ಖಾಲಿ ಸ್ಟೂಲು ತೋರಿಸಿದಳು.

"ಸುಮ್ನೆ ಯಾಕೆ ನಿಲ್ತೀರಿ? ಕೂತು ತುಳೀರಿ."

ಕೂತೆ. ಮೊದಲ ಸಲ ಚಕ್ರ ಹಿಂದಕ್ಕೆ ತಿರುಗಿ ಮಿಷನ್ನು ಕಟಕಟ ಅಂತು, ಸೊಂಟದವಳು ಹಲ್ಲು ಕಚ್ಚಿ ನಗು ತಡೆದಳು. "ಹಿಮ್ಮಡಿ ಊರಿ, ಹಿಮ್ಮಡಿ," ಅಂತ ಪಿಸುಗುಟ್ಟಿದಳು. ಹಿಮ್ಮಡಿ ಊರಿದೆ, ಚಕ್ರ ಸರಿಯಾಗಿ ತಿರುಗತೊಡಗಿತು. ಮೊಣಕಾಲಿಗಿಂತ ಅರ್ಧ ಅಡಿ ದೂರದಲ್ಲಿ ಹುಡುಗಿ ಬಾಯಿ ತೆರೆದುಕೊಂಡು ಮಲಗಿದ್ದಳು. ಅವಳ ಮುಖ ನನಗೆ ಅಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಬರೆಯಬೇಕೆಂದು ಬೆರಳು ತುರಿಸಿದವು. ಇಪ್ಪತ್ತು ನಿಮಿಷವೂ ತುರಿಸಿದವು. ತುಳಿದೆ.